ಸೆಟ್ ನಡುವೆ ನಾನು ಯಾವುದನ್ನು ಹಿಗ್ಗಿಸುತ್ತೇನೆ

ನಮ್ಮ ವಿಜಯಪುರದ ಜಿಮ್‌ಗಳಲ್ಲಿ ಒಂದು ಸೆಟ್ (ನಡುವೆ ಬಿಡದೆ ಮಾಡುವ ಒಂದು ಸುತ್ತು) ಮುಗಿದ ಕೂಡಲೇ ಕೈಗೆ ಬರುವುದು ಮೊಬೈಲ್. ನಾನು ಆ ಹೊತ್ತನ್ನು ಸ್ಟ್ರೆಚಿಂಗ್‌ಗೆ ಬಳಸುತ್ತೇನೆ. ಹಾಗಂತ ಸಿಕ್ಕಿದ್ದನ್ನೆಲ್ಲ ಎಳೆಯುವುದಿಲ್ಲ. ದುಡಿಯುತ್ತಿರುವ ಸ್ನಾಯುವನ್ನು ಸುಮ್ನೆ ಬಿಡುತ್ತೇನೆ, ಅದಕ್ಕೆ ಎದುರಾಗಿರುವ ಸ್ನಾಯುವನ್ನು ಹಿಗ್ಗಿಸುತ್ತೇನೆ.

ಕೇಬಲ್ ರೋ (ಕೇಬಲ್‌ನ ಹಿಡಿಕೆಯನ್ನು ಹೊಟ್ಟೆಯತ್ತ ಎಳೆಯುವ ವ್ಯಾಯಾಮ) ಮಾಡುವ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಕೆಲಸ ಬೆನ್ನಿನದು. ಎದೆ ಬಿಗಿದುಕೊಂಡಿದ್ದರೆ ಹೆಗಲು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಅದಕ್ಕೆ ಉಸಿರು ಹದಕ್ಕೆ ಬಂದ ಮೇಲೆ ಬಾಗಿಲ ಚೌಕಟ್ಟಿಗೆ ಮೊಣಕೈ ಊರಿ, ಒಂದು ಹೆಜ್ಜೆ ಮುಂದಿಟ್ಟು ನಿಲ್ಲುತ್ತೇನೆ. 20ರಿಂದ 30 ಸೆಕೆಂಡ್ ಸಾಕು. ಎಳೆತ ಗೊತ್ತಾಗಬೇಕು, ನೋವಾಗಬಾರದು. ಮುಂದಿನ ಸೆಟ್‌ನಲ್ಲಿ ಹಿಡಿಕೆ ಹೊಟ್ಟೆಯವರೆಗೆ ಸಲೀಸಾಗಿ ಬರುತ್ತದೆ, ಕೊನೆಗೆ ಒಂದೆರಡು ರೆಪ್ (ಸೆಟ್‌ನೊಳಗಿನ ಒಂದೊಂದು ಸಲ) ಜಾಸ್ತಿಯೂ ಸಿಗುತ್ತವೆ. ಇದು ನನ್ನೊಬ್ಬನ ಭ್ರಮೆಯಲ್ಲ. ರೋ ಮಾಡುವ ಮೊದಲು ಎದೆ ಹಿಗ್ಗಿಸಿದರೆ ರೆಪ್ ಹೆಚ್ಚುತ್ತವೆ ಎಂದು ಅಧ್ಯಯನದಲ್ಲೂ ಕಂಡುಬಂದಿದೆ.

ದುಡಿಯುವ ಸ್ನಾಯುವನ್ನೇ ಯಾಕೆ ಎಳೆಯಬಾರದು? ಒಂದೇ ಭಂಗಿಯಲ್ಲಿ 60 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಆ ಸ್ನಾಯುವಿನ ಬಲ ಸ್ವಲ್ಪ ಹೊತ್ತು ಕುಗ್ಗುತ್ತದೆ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡುವಾಗ ತೊಡೆಯ ಹಿಂಭಾಗ ಬಿಗಿಯುತ್ತದೆ, ಬಗ್ಗಿ ಕಾಲ್ಬೆರಳು ಹಿಡಿಯೋಣ ಅನಿಸುತ್ತದೆ ಅಲ್ವಾ? ಆ ಆಸೆ ತಡೆದುಕೊಳ್ಳಿ. ಭಾರದ ಸೆಟ್‌ಗಳ ನಡುವೆ ನಾನು ಎರಡು ಮೂರು ನಿಮಿಷ ಅಡ್ಡಾಡುತ್ತೇನೆ, ಒಂದು ಗುಟುಕು ನೀರು ಕುಡಿಯುತ್ತೇನೆ, ಅಷ್ಟೇ.

ಭಾರ ಹೊತ್ತು ಕೂತು ಏಳುವ ಸ್ಕ್ವಾಟ್‌ಗೆ ಬೇಕಾದ ಸಡಿಲಿಕೆಯನ್ನು ಹಗುರ ಸೆಟ್‌ಗಳಲ್ಲೇ ಮುಗಿಸಿಕೊಳ್ಳುತ್ತೇನೆ. ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ ಹಿಂದೆ ತರುವುದು, ಎರಡೂ ಕಾಲಿಗೆ ಹತ್ತತ್ತು ಸಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಇದನ್ನು ಬಿಟ್ಟರೆ ನನಗೆ ಪೂರ್ತಿ ಕೆಳಗೆ ಕೂರಲು ಆಗುವುದೇ ಇಲ್ಲ.

ಗರಡಿಯಲ್ಲಿ ಬೆಳೆದ ಕಾಕಾ ಒಬ್ಬರು ನಮ್ಮ ಜಿಮ್‌ಗೆ ಬರುತ್ತಾರೆ. ಯಾರಾದರೂ ಕಾಲು ಎಳೆದುಕೊಂಡು ನಿಂತರೆ ಸಾಕು, "ಹಂಗ ನಿಂದರಬ್ಯಾಡೋ ತಮ್ಮಾ, ಆಡಸು" ಎನ್ನುತ್ತಾರೆ. ಅವರ ಮಾತಲ್ಲಿ ಅರ್ಥವಿದೆ. ದಂಡ ಹೊಡೆಯುವಾಗ ಮೈ ಹಿಗ್ಗುತ್ತಲೇ ಇರುತ್ತದೆ, ಆದರೆ ಎಲ್ಲೂ ನಿಲ್ಲುವುದಿಲ್ಲ. ಹೀಗೆ ಆಡಿಸುತ್ತ ಹಿಗ್ಗಿಸಿದರೆ ಬಲ ಕುಗ್ಗುವ ಭಯವಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವವರನ್ನು ಗಮನಿಸಿ, ಸರದಿ ಬರುವವರೆಗೆ ಕೈಕಾಲು ಆಡಿಸುತ್ತಿರುತ್ತಾರೆ.

ಮೀನಖಂಡಕ್ಕೆ ಮಾತ್ರ ನಾನು ನಿಯಮ ಮುರಿಯುತ್ತೇನೆ. ಸೆಟ್‌ನ ಕೊನೆಯಲ್ಲಿ ಹಿಮ್ಮಡಿ ಕೆಳಗಿಳಿಸಿ, ಭಾರ ಹೊತ್ತೇ 20 ಸೆಕೆಂಡ್ ನಿಲ್ಲುತ್ತೇನೆ. ಅಲ್ಲಿ ನನಗೆ ಬೇಕಾದದ್ದು ಬಲವಲ್ಲ, ಗಾತ್ರ. ಉರಿ ಮಾತ್ರ ಕೇಳಬೇಡಿ!

ನಿಮಿಷಗಟ್ಟಲೆ ಹಿಡಿಯುವ ಸ್ಟ್ರೆಚ್ ಎಲ್ಲ ವ್ಯಾಯಾಮ ಮುಗಿದ ಮೇಲೆ, ಚಾಪೆಯ ಮೇಲೆ. ತೊಡೆಯ ಹಿಂಭಾಗದ ಸರದಿ ಬರುವುದೂ ಆಗಲೇ.