ಹೆದ್ದಾರಿಗೆ ಇಳಿಯುವ ಮುಂಚೆ ಇಷ್ಟು ನೋಡಿಕೊಳ್ಳಿ

ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 48 ಅಗಲವಾಗಿದೆ, ಗೊತ್ತಾಗದೆ ವೇಗ ಏರಿಬಿಡುತ್ತದೆ. ನಾನಂತೂ ಟೈರ್ ನೋಡದೆ ಕೀ ತಿರುಗಿಸುವುದಿಲ್ಲ.

ಗಾಳಿಯನ್ನು ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿಸಿ. ಓಡಿ ಬಿಸಿಯಾದ ಮೇಲೆ ಒತ್ತಡ ಜಾಸ್ತಿ ತೋರಿಸುತ್ತದೆ. ಎಷ್ಟಿರಬೇಕೆಂದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಗಾಳಿ ಕಡಿಮೆಯಿದ್ದ ಟೈರ್ ವೇಗದಲ್ಲಿ ಕಾದು ಸಿಡಿಯಬಹುದು. ಸ್ಟೆಪ್ನಿಗೂ ಗಾಳಿ ಹಾಕಿಸಿ, ಎಷ್ಟೋ ಜನ ಅದನ್ನು ಮರೆತೇಬಿಡುತ್ತಾರೆ.

ಟೈರ್ ಬದಲಿಸುವುದನ್ನು ಮನೆ ಮುಂದೆಯೇ ಒಮ್ಮೆ ಕಲಿಯಿರಿ. ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ. ಆಮೇಲೆ ಜಾಕ್. ಎತ್ತಿದ ಮೇಲೆ ಸ್ಪ್ಯಾನರ್ ಹಾಕಿದರೆ ಚಕ್ರವೇ ತಿರುಗುತ್ತದೆ, ಕಾರು ಜಾಕಿನಿಂದ ಜಾರಲೂಬಹುದು.

ಮೆಕ್ಕೆಜೋಳದ ಸುಗ್ಗಿಯಲ್ಲಿ ಜಗಳೂರು ಕಡೆಯ ಹಳ್ಳಿ ರಸ್ತೆಗಳಲ್ಲಿ ಕತ್ತಲಾದ ಮೇಲೆ ನಿಧಾನ. ಅರ್ಧ ರಸ್ತೆಗೆ ಕಾಳು ಹರವಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಹಿಂದಿನ ದೀಪವಿಲ್ಲದ ಟ್ರಾಕ್ಟರ್ ಟ್ರೇಲರ್ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.

ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಪೂರ್ತಿ ಎಡಕ್ಕೆ ತಂದು ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ. ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ಮಕ್ಕಳು, ಹಿರಿಯರು ಕಾರಿನಲ್ಲಿ ಕೂರುವುದು ಬೇಡ. ತಡೆಬೇಲಿಯ ಆಚೆ ನಿಲ್ಲಿಸಿ. ಹೆದ್ದಾರಿ ಸಹಾಯಕ್ಕೆ 1033, ಆಂಬ್ಯುಲೆನ್ಸ್‌ಗೆ 108, ಪೊಲೀಸರಿಗೆ 112. ಫೋನ್ ಮಾಡುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಓದಿ ಹೇಳಿ.