ಬ್ಲಾಕ್ ಲೈಬ್ರರಿಯ ಅಟ್ಟ ಗುಡಿಸಿದ ಕಥೆ

ಆಟೋಕ್ಯಾಡ್ ಅನ್ನುವ ನಕ್ಷೆ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬ್ಲಾಕ್ ಲೈಬ್ರರಿಯಿಂದ (ಬ್ಲಾಕ್ ಅಂದರೆ ಹೆಸರಿಟ್ಟು ಉಳಿಸಿ ಮತ್ತೆ ಮತ್ತೆ ಬಳಸುವ ಸಿದ್ಧ ಚಿತ್ರ) ಹೊಸ ಬಾಗಿಲು ಎಳೆದು ಹಾಕಿದರೆ ಡ್ರಾಯಿಂಗ್‌ನಲ್ಲಿ ಹಳೇ ಬಾಗಿಲೇ ಬಂದು ಕೂರುತ್ತಿತ್ತು. ಅಳಿಸಿ ಮತ್ತೆ ಹಾಕಿದೆ, ಮತ್ತೆ ಅದೇ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಸಂದೇಶಗಳು ಬರುವ ಕಮಾಂಡ್ ಲೈನ್ ಕಡೆ ಕಣ್ಣು ಹೋಯಿತು. ಡುಪ್ಲಿಕೇಟ್ ಡೆಫಿನಿಷನ್, ಇಗ್ನೋರ್ಡ್ ಅಂತ ಆಟೋಕ್ಯಾಡ್ ಪ್ರತಿ ಸಲವೂ ಹೇಳುತ್ತಲೇ ಇತ್ತು. ನಾನು ಓದಿರಲಿಲ್ಲ, ಅಷ್ಟೇ. ಎರಡು ಬ್ಲಾಕ್‌ಗಳ ಹೆಸರೂ 'ಡೋರ್1'. ಆ ಹೆಸರಿನದು ಡ್ರಾಯಿಂಗ್‌ನಲ್ಲಿ ಮೊದಲೇ ಇದ್ದರೆ, ಬೇರೆ ಫೈಲ್‌ಗಳ ಬ್ಲಾಕ್ ತೋರಿಸುವ ಡಿಸೈನ್ ಸೆಂಟರ್‌ನಿಂದ ಎಳೆದು ತಂದದ್ದನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಅವತ್ತೇ ಲೈಬ್ರರಿ ಫೋಲ್ಡರ್ ತೆಗೆದು ನೋಡಿದೆ. 'ಚೇರ್ ನ್ಯೂ', 'ಚೇರ್ ನ್ಯೂ ಫೈನಲ್', 'ಚೇರ್ ಫೈನಲ್ 2'. ಇನ್ನು ಕೆಲವಕ್ಕೆ ಹೆಸರೇ ಇಲ್ಲ, ಎ-ಡಾಲರ್-ಸಿ ಅಂತ ಶುರುವಾಗಿ ಉದ್ದಕ್ಕೆ ಏನೇನೋ ಅಕ್ಷರ, ಅಂಕಿ. ಯಾರೋ ನಕಲು ಮಾಡಿದ್ದನ್ನು ನೇರ ಬ್ಲಾಕ್ ಆಗಿಸುವ ಪೇಸ್ಟ್ ಆ್ಯಸ್ ಬ್ಲಾಕ್ ಒತ್ತಿ ಹಾಗೇ ಬಿಟ್ಟಿದ್ದಾರೆ ಅಂತ ಅರ್ಥ. ಆ 'ಯಾರೋ' ಬಹಳ ಸಲ ನಾನೇ.

ಮೊದಲು ಹೆಸರು ಸರಿ ಮಾಡಿದೆ. ವಸ್ತು, ಬಗೆ, ಅಳತೆ, ನೋಟ, ಈ ಕ್ರಮದಲ್ಲಿ: 'ಡೋರ್-ಸಿಂಗಲ್-0900-ಪ್ಲಾನ್'. 900ರ ಹಿಂದೆ ಸೊನ್ನೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹೆಸರನ್ನು ಬರೀ ಅಕ್ಷರದ ಹಾಗೆ ಜೋಡಿಸುವ ಪಟ್ಟಿಯಲ್ಲಿ 1200 ಮುಂದೆ ಬಂದು 900 ಕೆಳಗೆ ಹೋಗುತ್ತದೆ. ನಾಲ್ಕು ಅಂಕಿ ಇಟ್ಟರೆ ಆ ರಗಳೆ ಇಲ್ಲ.

ಜಾಸ್ತಿ ಸಮಯ ತಿಂದಿದ್ದು ಲೇಯರ್, ಅಂದರೆ ಗೆರೆಗಳನ್ನು ಗುಂಪು ಮಾಡಿಡುವ ಪದರ. ಸಿಕ್ಕ ಸಿಕ್ಕ ಲೇಯರ್‌ನಲ್ಲಿ ಬರೆದ ಬ್ಲಾಕ್ ಹಾಕಿದರೆ ಅದರ ಜೊತೆ ಆ ಲೇಯರ್‌ಗಳೂ ಒಳಗೆ ಬರುತ್ತವೆ. ಒಂದು ವಾಶ್ ಬೇಸಿನ್ ಹನ್ನೊಂದು ಲೇಯರ್ ತಂದಿತ್ತು! ಒಂದೊಂದನ್ನೂ ಬ್ಲಾಕ್ ಎಡಿಟರ್‌ನಲ್ಲಿ ತೆರೆದು ಎಲ್ಲ ಗೆರೆಗಳನ್ನೂ ಲೇಯರ್ 0ಗೆ ತಂದೆ, ಬಣ್ಣ ಬೈಲೇಯರ್ ಮಾಡಿದೆ. ಈಗ ಬ್ಲಾಕನ್ನು ಯಾವ ಲೇಯರ್‌ಗೆ ಹಾಕುತ್ತೇವೋ ಅದರ ಬಣ್ಣವೇ ಬರುತ್ತದೆ. ಬೇಸ್ ಪಾಯಿಂಟ್ (ಬ್ಲಾಕನ್ನು ಹಿಡಿದು ಕೂರಿಸುವ ಬಿಂದು) ಕೂಡ ಆಗಲೇ ನೋಡಿಕೊಂಡೆ. ಬಾಗಿಲಿಗೆ ಹಿಂಜ್ ಇರುವ ಮೂಲೆ, ಬೇಸಿನ್‌ಗೆ ಗೋಡೆಗೆ ತಾಗುವ ಅಂಚಿನ ಮಧ್ಯ.

ಯೂನಿಟ್ ಕಥೆ ಇನ್ನೂ ತಮಾಷೆ. ಮಿಲಿಮೀಟರ್‌ನಲ್ಲಿ ಬರೆದ ಒಂದು ಬಾಗಿಲಿನ ಬ್ಲಾಕ್ ಯೂನಿಟ್ ಮಾತ್ರ ಇಂಚ್ ಅಂತಿತ್ತು. ಡ್ರಾಯಿಂಗ್ ಮಿಲಿಮೀಟರ್. ಸಾಫ್ಟ್‌ವೇರ್ ಪಾಪ 25.4ರಿಂದ ಗುಣಿಸಿತು. 900 ಹೋಗಿ 22,860 ಆಯಿತು. ಸುಮಾರು 23 ಮೀಟರ್ ಬಾಗಿಲು, ಆನೆ ಅಂಬಾರಿ ಸಮೇತ ಹೋಗಬಹುದಿತ್ತು. ಇನ್ಸ್‌ಯೂನಿಟ್ಸ್ ಅನ್ನುವ ಯೂನಿಟ್ ಸೆಟ್ಟಿಂಗನ್ನು ಎಲ್ಲದಕ್ಕೂ 4, ಅಂದರೆ ಮಿಲಿಮೀಟರ್, ಅಂತ ಕೂರಿಸಿದೆ.

ಒಂದೊಂದು ಗುಂಪಿಗೆ ಒಂದೊಂದು ಡ್ರಾಯಿಂಗ್ ಫೈಲ್ ಮಾಡಿದೆ: ಬಾಗಿಲು, ಪೀಠೋಪಕರಣ, ಎಲೆಕ್ಟ್ರಿಕಲ್, ಹೀಗೆ. ಪ್ರತಿ ಬ್ಲಾಕನ್ನೂ ಅದರಲ್ಲಿ ಒಂದು ಸಲ ಹಾಕಿಟ್ಟಿದ್ದೇನೆ. ಸುಮ್ನೆ ಚಂದಕ್ಕಲ್ಲ. ಎಲ್ಲೂ ಹಾಕದ ಬ್ಲಾಕನ್ನು ಪರ್ಜ್ ಅನ್ನುವ ಕಮಾಂಡ್ ಅಳಿಸಿಬಿಡುತ್ತದೆ. ಅಭ್ಯಾಸಬಲದಿಂದ ಪರ್ಜ್ ಕೊಟ್ಟು ಒಂದು ಮಧ್ಯಾಹ್ನದ ಕೆಲಸ ಕಳೆದುಕೊಂಡ ಮೇಲೆ ಕಲಿತದ್ದು ಇದು. ಫೈಲ್‌ಗಳೆಲ್ಲ ರೀಡ್ ಓನ್ಲಿ. ಬ್ಲಾಕ್‌ಗಳನ್ನು ಕೈಗೆ ಸಿಗುವಂತೆ ಇಡುವ ಟೂಲ್ ಪ್ಯಾಲೆಟ್‌ನಲ್ಲಿ ದಿನಾ ಬೇಕಾಗುವ ಮೂವತ್ತಷ್ಟೇ.

ಹಳೇ ಫೋಲ್ಡರ್ ಅಳಿಸಲು ಮನಸ್ಸು ಬರಲಿಲ್ಲ. 'ಹಳೇದು' ಅಂತ ಹೆಸರಿಟ್ಟು ಬೇರೆ ಡ್ರೈವ್‌ನಲ್ಲಿ ಹಾಕಿದೆ. ಈಗಲೂ ವಾರಕ್ಕೊಬ್ಬರು ಬಂದು 'ಆ ದುಂಡಗಿನ ಟೇಬಲ್ ಎಲ್ಲಿ ಹೋಯ್ತು' ಅಂತಾರೆ. ಹುಡುಕಿ, ಲೇಯರ್ 0ಗೆ ತಂದು, ಹೆಸರು ಬದಲಿಸಿ ಕೊಡುತ್ತೇನೆ.