ಎರೆ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್: ನನ್ನ ಅನುಭವ

ಗದಗ ಕಡೆಯ ಎರೆ ಹೊಲದ ಬದಿಯಲ್ಲಿ ಮಳೆಗಾಲಕ್ಕೆ ಭಾರದ ಬೈಕ್ ನಿಲ್ಲಿಸುವುದು ದೊಡ್ಡ ತಲೆನೋವು. ನನ್ನದು ಕ್ಲಾಸಿಕ್ 350, ತೂಕ 195 ಕೆಜಿ. ಸೈಡ್ ಸ್ಟ್ಯಾಂಡಿನ ಪಾದವೋ ಅಂಗೈಗಿಂತ ಚಿಕ್ಕದು. ಹಸಿ ಮಣ್ಣು ತಡೆಯುತ್ತದಾ? ಸ್ಟ್ಯಾಂಡ್ ಹೂತು, ಬೈಕ್ ಎಡಕ್ಕೆ ವಾಲುತ್ತಾ ಹೋಗಿ ಮಲಗಿಬಿಡುತ್ತಿತ್ತು.

ಗುಜರಿ ಅಂಗಡಿಯಿಂದ ಅಂಗೈ ಅಗಲದ ದಪ್ಪ ಕಬ್ಬಿಣದ ತಗಡು ತಂದೆ. ಮೂಲೆಗೆ ತೂತು ಕೊರೆಸಿ ಗಟ್ಟಿ ದಾರ ಕಟ್ಟಿದೆ. ಈಗ ಸ್ಟ್ಯಾಂಡಿನ ಕೆಳಗೆ ಅದೇ. ಹೊರಡುವಾಗ ಸೀಟಿನ ಮೇಲೆ ಕೂತೇ ದಾರ ಎಳೆದುಕೊಳ್ಳಬಹುದು. ಫರಸಿ ಕಲ್ಲಿನ ಚೂರೂ ನಡೆಯುತ್ತದೆ, ಆದರೆ ಅದನ್ನು ಹೊತ್ತು ತಿರುಗುವವರು ಯಾರು?

ಇಳಿಜಾರಿದ್ದರೆ ಮುಂದಿನ ಗಾಲಿ ಏರಿನ ಕಡೆಗೇ ಇರಲಿ. ಸ್ಟ್ಯಾಂಡ್ ಮಡಚುವುದು ಹಿಂದಕ್ಕೆ ಅಲ್ವಾ? ಬೈಕ್ ಮುಂದಕ್ಕೆ ಉರುಳಿದರೆ ಅದು ತಾನಾಗಿಯೇ ಮಡಚಿಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಟ್ಟು, ಗಾಲಿ ಬಿಗಿಯುವವರೆಗೆ ಹಿಂದಕ್ಕೆ ಸರಿಯಲು ಬಿಡುತ್ತೇನೆ. ಆಮೇಲೆ ಸ್ಟ್ಯಾಂಡ್, ಹ್ಯಾಂಡಲ್ ಎಡಕ್ಕೆ ಲಾಕ್.

ಎಡಗಡೆ ನೆಲ ಎತ್ತರವಿದ್ದರೆ ಮಾತ್ರ ಜಾಗ ಬದಲಿಸಿ. ಬೈಕ್ ತೀರಾ ನೆಟ್ಟಗೆ ನಿಂತರೆ, ಯಾರದೋ ಕೈ ತಾಗಿದರೂ ಬಲಕ್ಕೆ ಬೀಳುತ್ತದೆ. ಆ ಕಡೆ ಹಿಡಿಯಲು ಸ್ಟ್ಯಾಂಡ್ ಇಲ್ಲವಲ್ಲ!